ನಾಯಿ ಅಕ್ಕರೆ ಕೇಳುವ ರೀತಿ ಬದಲಾದಾಗ: ಕಲಬುರಗಿಯ ಒಂದು ಮನೆಭೇಟಿ ಸಲಹಾ ಸೇವೆ

ಕಲಬುರಗಿಯಲ್ಲಿ ನಾಯಿಗೆ ಲಸಿಕೆ ಹಾಕಿಸಲು, ಉಣ್ಣೆಗೆ ಔಷಧ ತರಲು, ಬೇಸಿಗೆ ಬಂತೆಂದರೆ ಕೂದಲು ಕತ್ತರಿಸಲು ಈಗ ಸಾಕಷ್ಟು ಅನುಕೂಲವಿದೆ. ಆದರೆ ‘ನಮ್ಮ ನಾಯಿ ಮೊದಲಿನ ಹಾಗೆ ಹತ್ತಿರ ಬರುವುದಿಲ್ಲ’ ಎಂದೋ, ‘ಇತ್ತೀಚೆಗೆ ಬೆನ್ನು ಬಿಟ್ಟು ಕದಲುವುದಿಲ್ಲ’ ಎಂದೋ ಹೇಳಿಕೊಂಡರೆ ಕುಳಿತು ಕೇಳುವವರು ವಿರಳ. ಇಂಥ ದೂರುಗಳನ್ನೇ ಕೇಳಲೆಂದು ನಗರದ ಬಡಾವಣೆಗಳಿಗೆ ಮನೆಭೇಟಿಗೆ ಬರುವ ಸೇವೆಯೊಂದನ್ನು ನಮ್ಮ ಮನೆಯವರು ಕಳೆದ ಚಳಿಗಾಲದಲ್ಲಿ ಪಡೆದೆವು. ಇದಕ್ಕೆ ಅಂಗಡಿಯಿಲ್ಲ, ಫಲಕವೂ ಇಲ್ಲ. ಪಶುವೈದ್ಯ ಪದವಿ ಪಡೆದ ಮಹಿಳೆಯೊಬ್ಬರು ಒಂಟಿಯಾಗಿ ನಡೆಸುತ್ತಿದ್ದು, ಅವರ ಸಂಖ್ಯೆ ನಾಯಿ ಸಾಕಿದವರ ನಡುವೆ ಬಾಯಿಂದ ಬಾಯಿಗೆ ಹೋಗುತ್ತದೆ. ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಅವರನ್ನು ವೈದ್ಯೆ ಎಂದಷ್ಟೇ ಕರೆಯುತ್ತೇನೆ. ನಾಯಿಗೆ ನಮ್ಮ ಮೇಲಿನ ಪ್ರೀತಿ ಹೆಚ್ಚಿತೇ, ತಗ್ಗಿತೇ ಎಂಬ ನಮ್ಮ ಪ್ರಶ್ನೆಯನ್ನು ಅವರು ಬದಿಗಿಟ್ಟರು. ಅದು ಅಕ್ಕರೆಯನ್ನು ಕೇಳುವ ರೀತಿ ಯಾವಾಗ, ಎಲ್ಲಿ, ಯಾರ ಮುಂದೆ ಬದಲಾಯಿತು ಎಂದು ವಿಚಾರಿಸಿದರು. ಕೊಟ್ಟ ಹಣಕ್ಕೆ ಸಿಕ್ಕ ನಿಜವಾದ ಪ್ರತಿಫಲ ಆ ವಿಚಾರಣೆಯೇ ಎಂದು ನಾನು ನಂಬಿದ್ದೇನೆ.

ನಮ್ಮದು ಮುಧೋಳ ತಳಿಯ ಹೆಣ್ಣು ನಾಯಿ, ಹೆಸರು ಬೆಳ್ಳಿ, ವಯಸ್ಸು ಒಂಬತ್ತು ದಾಟಿದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಈ ತಳಿ ಸ್ವಭಾವತಃ ಸ್ವಲ್ಪ ಬಿಗಿ. ಅಪರಿಚಿತರ ಮೈಮೇಲೆ ಬೀಳುವುದಿಲ್ಲ, ಮನೆಯವರನ್ನೂ ಸದಾ ನೆಕ್ಕುತ್ತ ಕೂರುವುದಿಲ್ಲ. ಬೆಳ್ಳಿಯೂ ಹಾಗೆಯೇ ಇತ್ತು. ಬೆಳಗ್ಗೆ ಒಮ್ಮೆ ಬಂದು ತೊಡೆಗೆ ಮೈ ಒತ್ತಿ ನಿಲ್ಲುತ್ತಿತ್ತು, ಸಂಜೆ ಒಮ್ಮೆ ಮೂತಿಯನ್ನು ಅಂಗೈಯೊಳಗೆ ತೂರಿಸುತ್ತಿತ್ತು, ಉಳಿದ ಹೊತ್ತು ತನ್ನ ಪಾಡಿಗೆ ತಾನಿರುತ್ತಿತ್ತು. ದೀಪಾವಳಿ ಕಳೆದ ಮೇಲೆ ಈ ಕ್ರಮ ಕೆಟ್ಟಿತು. ಹಗಲಿನಲ್ಲಿ ಅದು ಪಡಸಾಲೆಯ ಹೊಸ್ತಿಲಲ್ಲೇ ಕುಳಿತು ನಮ್ಮತ್ತ ನೋಡುತ್ತ ಸಣ್ಣಗೆ ಕುಂಯ್‌ಗುಡತೊಡಗಿತು, ಕರೆದರೆ ಬರುತ್ತಿರಲಿಲ್ಲ. ರಾತ್ರಿಯಾದರೆ ಹಾಸಿಗೆಯ ಬಳಿ ಬಂದು ಕೈಯನ್ನು ಮೂತಿಯಿಂದ ಎತ್ತಿ ಎತ್ತಿ ಎಬ್ಬಿಸುತ್ತಿತ್ತು. ಎಬ್ಬಿಸಿದ ಮೇಲೆ ತಬ್ಬಿಕೊಳ್ಳಲು ಹೋದರೆ ಸರಿದು ನಿಲ್ಲುತ್ತಿತ್ತು. ಹೀಗೆ ಕೇಳುವುದು ಹೆಚ್ಚಾಗಿತ್ತು, ಒಪ್ಪಿಕೊಳ್ಳುವುದು ಕಡಿಮೆಯಾಗಿತ್ತು. ಮಗಳು ಓದಲು ಧಾರವಾಡಕ್ಕೆ ಹೋದದ್ದೂ ಅದೇ ಅವಧಿಯಲ್ಲಿ, ಆದ್ದರಿಂದ ಮನೆಯಲ್ಲಿ ಹಿರಿಯರು ಅದು ಅವಳನ್ನು ನೆನೆಸುತ್ತಿದೆ ಎನ್ನುತ್ತಿದ್ದರು. ಮಕ್ಕಳು ಅದಕ್ಕೆ ಸಿಟ್ಟು ಬಂದಿದೆ ಎನ್ನುತ್ತಿದ್ದರು.

ವೈದ್ಯೆ ಒಳಗೆ ಬಂದವರೇ ನಾಯಿಯನ್ನು ಮುಟ್ಟಲಿಲ್ಲ. ಮೊದಲು ರೇಬಿಸ್ ಲಸಿಕೆಯ ಪುಸ್ತಕ ಕೇಳಿದರು, ಕೊನೆಯ ಲಸಿಕೆಯ ದಿನಾಂಕ ನೋಡಿದರು, ಇತ್ತೀಚೆಗೆ ಬೀದಿಯಲ್ಲಿ ಯಾವುದಾದರೂ ಪ್ರಾಣಿಯ ಜೊತೆ ಕಚ್ಚಾಟವಾಗಿತ್ತೇ ಎಂದು ವಿಚಾರಿಸಿದರು. ಅಕ್ಕರೆಯ ವಿಷಯಕ್ಕೂ ರೇಬಿಸ್‌ಗೂ ಏನು ಸಂಬಂಧ ಎಂದು ಓದುಗರಿಗೆ ಅನ್ನಿಸಬಹುದು. ಈ ರೋಗದ ಮೊದಲ ಹಂತದಲ್ಲಿ ಕಾಣುವುದೇ ಸ್ವಭಾವದ ಪಲ್ಲಟ: ಸದಾ ಹತ್ತಿರವಿದ್ದ ನಾಯಿ ಮೂಲೆ ಸೇರಬಹುದು, ಯಾರ ಹತ್ತಿರವೂ ಬಾರದ ನಾಯಿ ಇದ್ದಕ್ಕಿದ್ದಂತೆ ಮೈಗೆ ಮೈ ತಾಗಿಸಿ ನೆಕ್ಕಲು ಬರಬಹುದು. ಲಸಿಕೆಯಿಲ್ಲದ ನಾಯಿಯಲ್ಲಿ ದಿಢೀರನೆ ಇಂಥ ಬದಲಾವಣೆ ಕಂಡರೆ ಅದನ್ನು ಮುದ್ದಿಸದೆ ಮೊದಲು ಬೇರೆ ಇಡಬೇಕೆಂದೂ, ಅದರ ಜೊಲ್ಲು ಗಾಯಕ್ಕೆ ತಾಗಿದ್ದರೆ ಅಥವಾ ಅದು ಕಚ್ಚಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದೂ ಅವರು ಸ್ಪಷ್ಟವಾಗಿ ಹೇಳಿದರು. ನಡವಳಿಕೆಯ ಸಲಹೆ ಕೊಡುವವರು ಯಾರೇ ಆಗಲಿ, ಈ ಪ್ರಶ್ನೆಯಿಂದ ಆರಂಭಿಸದಿದ್ದರೆ ಅವರನ್ನು ನಾನು ಇನ್ನು ನಂಬಲಾರೆ.

ನಂತರ ಜ್ವರ ನೋಡಿದರು. ನಾಯಿಯ ಸಹಜ ಮೈಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರ ಅಳತೆಯಲ್ಲಿ ಅದು ಜ್ವರವೆನಿಸುವುದರಿಂದ ನಮ್ಮ ಕೈಯಂದಾಜು ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಭಾಗದಲ್ಲಿ ಉಣ್ಣೆಯಿಂದ ಹರಡುವ ಎರ್ಲಿಕಿಯಾ ಜ್ವರ ಬಂದ ನಾಯಿಯೂ ಮಂಕಾಗಿ, ಮುಟ್ಟಿಸಿಕೊಳ್ಳದೆ ದೂರ ಸರಿಯುತ್ತದೆಯಂತೆ. ಬೆಳ್ಳಿಗೆ ಆ ತೊಂದರೆ ಇರಲಿಲ್ಲ.

ಅವರ ಗಮನವನ್ನು ಸೆಳೆದದ್ದು ನಮ್ಮ ನೆಲ. ಕಲಬುರಗಿಯ ಹಳೆಯ ಮನೆಗಳಂತೆ ನಮ್ಮ ಪಡಸಾಲೆಗೂ ಶಹಾಬಾದಿ ಫರಸಿ ಹಾಕಿದ್ದು, ಹಲವು ವರ್ಷ ಒರೆಸಿ ಒರೆಸಿ ಅದು ನುಣುಪಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿಗೆ ಈ ಕಲ್ಲು ನಾಯಿಗೆ ವರದಾನ; ಆ ಕಾಲದಲ್ಲಿ ನಾಯಿ ಮನುಷ್ಯರ ಮಗ್ಗುಲು ಬಿಟ್ಟು ಬರಿ ನೆಲದ ಮೇಲೆ ಹೊಟ್ಟೆ ಚಾಚಿ ಮಲಗಿದರೆ ಅದು ಮುನಿಸಿನಿಂದಲ್ಲ, ಮೈ ತಂಪು ಮಾಡಿಕೊಳ್ಳಲು. ಆದರೆ ಸೊಂಟದ ಕೀಲು ಸವೆದ ವಯಸ್ಸಾದ ನಾಯಿಗೆ ಅದೇ ಕಲ್ಲು ಚಳಿಗಾಲದಲ್ಲಿ ಗಟ್ಟಿ, ತಣ್ಣಗೆ, ಜಾರು. ಮುಧೋಳದಂಥ ತೆಳುಮೈಯ ನಾಯಿಗೆ ಮೂಳೆಯ ಮೇಲೆ ಕೊಬ್ಬಿನ ಹೊದಿಕೆಯೂ ಕಡಿಮೆ. ವೈದ್ಯೆ ಹೊಸ್ತಿಲಿಂದ ನಮ್ಮ ದಿವಾನದವರೆಗೆ ಕೌದಿಗಳನ್ನು ಒಂದರ ಪಕ್ಕ ಒಂದು ಹಾಸಲು ಹೇಳಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಬೆಳ್ಳಿ ಎದ್ದು, ಕೌದಿಯ ಅಂಚನ್ನು ಮೂಸಿ, ಅದರ ಮೇಲೆಯೇ ನಡೆದು ಬಂದು ನನ್ನ ತೊಡೆಗೆ ಮೈ ಒತ್ತಿತು. ಹೊಸ್ತಿಲಲ್ಲಿ ಕುಳಿತು ಕುಂಯ್‌ಗುಟ್ಟಿದ್ದು ಹತ್ತಿರ ಬರಲು ಮನಸ್ಸಿದ್ದೂ ನಡೆಯಲು ಹೆದರಿದ ನಾಯಿಯ ಕೂಗು. ಮೈಯಿಂದ ಕೇಳಲಾಗದ್ದನ್ನು ಅದು ದನಿಯಿಂದ ಕೇಳುತ್ತಿತ್ತು. ಆ ಕ್ಷಣದಲ್ಲಿ ನನ್ನ ಹೆಂಡತಿಯ ಕಣ್ಣು ತುಂಬಿ ಬಂತು. ಈ ಸೇವೆಗೆ ನಾವು ಕೊಟ್ಟ ಹಣ ಅಲ್ಲಿಗೇ ತೀರಿತೆಂದರೂ ಸರಿಯೆ.

ಎರಡನೆಯ ಪರೀಕ್ಷೆ ಸ್ಪರ್ಶದ್ದು. ಮೊದಲು ಎದೆ, ಹೆಗಲು, ಕಿವಿಯ ಬುಡವನ್ನು ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ನಾಯಿ ಮತ್ತೆ ಕೈಗೆ ಒರಗಿದರೆ ಇನ್ನೂ ಬೇಕೆಂದು ಅರ್ಥ, ತಲೆ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಸಾಕೆಂದು ಅರ್ಥ. ಬೆಳ್ಳಿ ಎದೆ ಸವರಿದಾಗ ಪ್ರತಿ ಬಾರಿಯೂ ಮತ್ತೆ ಬೇಡಿತು. ಕೈ ಬೆನ್ನಿನ ಹಿಂಭಾಗಕ್ಕೆ, ಸೊಂಟದತ್ತ ಹೋದೊಡನೆ ತುಟಿ ನೆಕ್ಕಿಕೊಂಡು ಸರಿಯಿತು. ಮಕ್ಕಳ ಅಪ್ಪುಗೆಯಲ್ಲಿ ತೋಳು ಸುತ್ತುತ್ತಿದ್ದುದು ಸರಿಯಾಗಿ ಅದೇ ಜಾಗವನ್ನು. ನಡವಳಿಕೆಯ ತೊಂದರೆಯೆಂದು ತಜ್ಞರ ಬಳಿಗೆ ಬರುವ ನಾಯಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕಾದರೂ ಎಲ್ಲೋ ಒಂದು ನೋವಿನ ಕಾರಣ ಇರುತ್ತದೆಂದು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಅಂದಾಜಿಸಿದ್ದಾರೆ, ಅದೂ ಹೆಚ್ಚಾಗದಂತೆ ಎಚ್ಚರದಿಂದ ಮಾಡಿದ ಅಂದಾಜು. ನೋವು ತಿನ್ನುವ ನಾಯಿಯ ಮನಸ್ಸು ಎರಡು ದಿಕ್ಕಿಗೆ ಎಳೆಯುತ್ತದೆ ಎಂಬುದನ್ನು ವೈದ್ಯೆ ವಿವರಿಸಿದ ಬಗೆ ನನಗೆ ಮನವರಿಕೆಯಾಯಿತು. ನೆಮ್ಮದಿಗಾಗಿ ಅದು ತಾನು ನಂಬಿದ ಮನುಷ್ಯರನ್ನು ಹೆಚ್ಚು ಹುಡುಕುತ್ತದೆ, ಆದರೆ ಅವರ ಕೈ ನೋವಿನ ಜಾಗಕ್ಕೆ ತಾಗಬಹುದೆಂದು ಹಿಂದೆಯೂ ಸರಿಯುತ್ತದೆ. ಮಲಗಿ ಎದ್ದಾಗ ಕೀಲು ಬಿಗಿದಿರುವುದರಿಂದ ನಡುರಾತ್ರಿಯ ಬೇಡಿಕೆ ಹೆಚ್ಚು.

ಅವರು ಔಷಧ ಬರೆಯಲಿಲ್ಲ. ಎಕ್ಸ್‌ರೇ ತೆಗೆಸಿ ಚಿಕಿತ್ಸೆ ಕೊಡುವ ವೈದ್ಯರ ಬಳಿಗೆ ಚೀಟಿ ಬರೆದುಕೊಟ್ಟರು, ಮತ್ತು ಮನೆಯಲ್ಲಿರುವ ಐಬುಪ್ರೊಫೆನ್‌ನಂಥ ಮನುಷ್ಯರ ನೋವಿನ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬಾರದು, ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ ಎಂದು ಎರಡೆರಡು ಬಾರಿ ಎಚ್ಚರಿಸಿದರು. ಎಕ್ಸ್‌ರೇಯಲ್ಲಿ ಸೊಂಟದ ಕೀಲಿನ ಸವೆತ ಕಂಡಿತು. ಚಿಕಿತ್ಸೆ ಈಗಲೂ ನಡೆದಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೂ ಅವರು ತಮ್ಮ ಕೆಲಸ ಮಾಡಿದಂತಾಗುತ್ತಿತ್ತು. ಆದರೆ ನೋವೊಂದರಿಂದಲೇ ಎಲ್ಲವನ್ನೂ ವಿವರಿಸುವ ಆಸೆಗೆ ಅವರು ಒಳಗಾಗಲಿಲ್ಲ. ಮಗಳು ಹೋದ ಮೇಲೆ ದಿನಚರಿಯಲ್ಲಿ ಏನೇನು ತಪ್ಪಿತು ಎಂದು ಗಂಟೆಗಂಟೆಯ ಲೆಕ್ಕ ಕೇಳಿದರು. ಬೆಳಗ್ಗೆ ಮಾಳಿಗೆಯ ಮೇಲೆ ಅವಳು ಮೈ ಬಾಚುತ್ತಿದ್ದುದು, ರೊಟ್ಟಿ ತಿನ್ನುವಾಗ ಒಂದು ಚೂರು ಮುರಿದು ಕೊಡುತ್ತಿದ್ದುದು, ರಾತ್ರಿ ಓದುತ್ತ ಕಾಲಿನಿಂದ ಅದರ ಕುತ್ತಿಗೆ ಸವರುತ್ತಿದ್ದುದು, ಇವೆಲ್ಲ ಒಟ್ಟಿಗೇ ನಿಂತಿದ್ದವು. ನಾಯಿಗೆ ಮನುಷ್ಯರ ಮೇಲಿರುವ ನಂಟು ಸಾಮಾನ್ಯವಾದದ್ದಲ್ಲ. ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಟೋಪಾಲ್ ಮತ್ತು ಸಂಗಡಿಗರು 1998ರಲ್ಲಿ, ತಾಯಿ ಮತ್ತು ಎಳೆಮಗುವಿನ ನಂಟನ್ನು ಅಳೆಯಲು ಬಳಸುವ ಪರೀಕ್ಷೆಯನ್ನೇ ನಾಯಿಗಳಿಗೆ ಒಡ್ಡಿ, ಒಡೆಯರು ಹೊರಹೋದಾಗ ಬಾಗಿಲಲ್ಲಿ ಕಾಯುವ, ಮರಳಿದಾಗ ಓಡಿಬಂದು ತಾಗುವ ನಡತೆ ಮಗುವಿನದನ್ನು ಹೋಲುತ್ತದೆಂದು ತೋರಿಸಿದ್ದರು. ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ 2015ರಲ್ಲಿ, ನಾಯಿ ಮತ್ತು ಒಡೆಯರು ಒಬ್ಬರನ್ನೊಬ್ಬರು ದೀರ್ಘವಾಗಿ ನೋಡಿದಾಗ ಇಬ್ಬರಲ್ಲೂ ನಂಟು ಬೆಸೆಯುವ ಹಾರ್ಮೋನು ಆಕ್ಸಿಟೋಸಿನ್ ಏರುವುದನ್ನೂ, ಸಾಕಿದ ತೋಳಗಳಲ್ಲಿ ಹಾಗಾಗದಿರುವುದನ್ನೂ ಕಂಡಿತು. ಹೊಸ್ತಿಲಿಂದ ಬೆಳ್ಳಿ ನಮ್ಮನ್ನು ಎವೆಯಿಕ್ಕದೆ ನೋಡುತ್ತಿದ್ದುದಕ್ಕೆ ಅಷ್ಟು ಆಳದ ಬೇರಿದೆ.

ಮನೆಯವರ ಮನಸ್ಸೂ ಲೆಕ್ಕಕ್ಕೆ ಬಂತು. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ನಾಯಿಯ ಮತ್ತು ಒಡತಿಯ ಕೂದಲಿನಲ್ಲಿರುವ, ಒತ್ತಡವನ್ನು ಸೂಚಿಸುವ ಹಾರ್ಮೋನು ಕಾರ್ಟಿಸಾಲ್ ಅಳೆದು, ಒಬ್ಬರ ದೀರ್ಘಕಾಲದ ಒತ್ತಡ ಮತ್ತೊಬ್ಬರದರ ಜೊತೆ ಏರಿಳಿಯುವುದನ್ನು ತೋರಿಸಿದ್ದಾರೆ. ಮಗಳನ್ನು ಕಳಿಸಿದ ತಾಯಿಯ ದುಗುಡ ನಾಯಿಯನ್ನೂ ತಟ್ಟಿರಬಹುದು ಎಂದು ವೈದ್ಯೆ ಹೇಳಿದಾಗ ಅದರಲ್ಲಿ ಆರೋಪವಿರಲಿಲ್ಲ, ಕನಿಕರವಿತ್ತು.

ಇನ್ನು ರಾತ್ರಿ ಮೂತಿಯಿಂದ ಕೈ ಎತ್ತಿ ಎಬ್ಬಿಸುವುದು. ಅದು ನೋವಿನಿಂದ ಆರಂಭವಾಗಿ ಕಲಿಕೆಯಿಂದ ಗಟ್ಟಿಯಾಗಿತ್ತು. ಮೂತಿ ತಾಗಿಸಿದ ಪ್ರತಿ ಸಲವೂ ಯಾರೋ ಒಬ್ಬರು ಎದ್ದು ಮಾತಾಡಿಸುತ್ತಿದ್ದರು, ಬೈಯುತ್ತಲಾದರೂ ತಲೆ ಸವರುತ್ತಿದ್ದರು. ನಾಯಿಗೆ ಮಾತಿಗಿಂತ ಸ್ಪರ್ಶ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಫ್ಯೂರ್‌ಬಾಕರ್ ಮತ್ತು ವಿನ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ: ಹೊಗಳುವವರ ಮತ್ತು ಸವರುವವರ ನಡುವೆ ಆರಿಸಲು ಬಿಟ್ಟರೆ ನಾಯಿಗಳು ಸವರುವವರ ಬಳಿ ನಿಂತವು, ಬರಿಯ ಹೊಗಳಿಕೆ ಏನೂ ಇಲ್ಲದಿರುವುದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಹಾಗಾಗಿ ಎಬ್ಬಿಸಿದರೆ ಕೈ ಸಿಗುತ್ತದೆ ಎಂದು ಬೆಳ್ಳಿ ಕಲಿತದ್ದರಲ್ಲಿ ಆಶ್ಚರ್ಯವಿಲ್ಲ. ಇದ್ದಕ್ಕಿದ್ದಂತೆ ಅಲಕ್ಷಿಸಿದರೆ ಕೇಳುವಿಕೆ ಮೊದಲು ಇನ್ನಷ್ಟು ಏರುತ್ತದೆ, ಆಗ ಮನೆಯವರು ಸೋತು ಕೊಟ್ಟುಬಿಟ್ಟರೆ ಏರಿದ ಮಟ್ಟವೇ ರೂಢಿಯಾಗುತ್ತದೆ. ಅದಕ್ಕೆ ಅವರು ಕೊಟ್ಟ ಉಪಾಯ ಸರಳ: ನಾಯಿ ಕೇಳುವ ಮೊದಲೇ, ದಿನದ ಗೊತ್ತಾದ ಹೊತ್ತುಗಳಲ್ಲಿ, ಅದಕ್ಕೆ ಹಿತವಾದ ಜಾಗದಲ್ಲಿ ಸಾಕಷ್ಟು ಸವರುವುದು, ಮತ್ತು ಮಲಗುವ ಮುನ್ನ ಮೆತ್ತಗಿನ ಹಾಸಿಗೆಯನ್ನು ನಮ್ಮ ಮಂಚದ ಪಕ್ಕದಲ್ಲೇ ಹಾಕುವುದು.

ಇದಕ್ಕೆ ಮೊದಲು ನಗರದ ಬೇರೊಬ್ಬ ತರಬೇತುದಾರರನ್ನು ಕರೆಸಿದ್ದೆವು. ಅವರು ಬೆಳ್ಳಿ ನಮ್ಮ ಮೇಲೆ ಯಜಮಾನಿಕೆ ಮಾಡುತ್ತಿದೆ, ಬಿಗಿಯುವ ಸರಪಳಿ ಹಾಕಿ ದಾರಿಗೆ ತರಬೇಕು ಎಂದು ಹೇಳಿ ಹೋಗಿದ್ದರು. ಈ ಮಾತಿನ ಹಿಂದಿರುವ, ಹಿಂಡಿನಲ್ಲಿ ಒಬ್ಬನೇ ನಾಯಕ ಉಳಿದವರನ್ನು ಅದುಮಿ ಆಳುತ್ತಾನೆಂಬ ಕಲ್ಪನೆ ಬೆಳೆದದ್ದು ಬಂಧನದಲ್ಲಿ ಒಟ್ಟುಗೂಡಿಸಿದ, ಪರಸ್ಪರ ನಂಟಿಲ್ಲದ ತೋಳಗಳನ್ನು ನೋಡಿ; ಕಾಡಿನ ತೋಳದ ಹಿಂಡು ತಂದೆ, ತಾಯಿ, ಮರಿಗಳ ಸಂಸಾರವೆಂದು ತೋಳಗಳ ಅಧ್ಯಯನಕ್ಕೇ ಬದುಕು ಮುಡಿಪಿಟ್ಟ ಡೇವಿಡ್ ಮೀಚ್ 1999ರಲ್ಲೇ ಬರೆದರು. ಸೊಂಟ ನೋಯುವ ನಾಯಿಯ ಕುತ್ತಿಗೆಗೆ ಸರಪಳಿ ಬಿಗಿಯುವ ಸಲಹೆಯನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಈ ಸೇವೆಯ ಕೊರತೆಗಳನ್ನೂ ಹೇಳಬೇಕು. ಕರೆ ಮಾಡಿದ ಮೇಲೆ ಭೇಟಿ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ. ನೋವಿರುವ ನಾಯಿಗೆ ಅದು ದೀರ್ಘ ಕಾಲ. ಮೊದಲ ಭೇಟಿಗೆ 1200 ರೂಪಾಯಿ, ಅದು ಸುಮಾರು ಎರಡು ಗಂಟೆ ನಡೆಯುವುದರಿಂದ ಹೆಚ್ಚೆಂದು ನಾನು ಹೇಳುವುದಿಲ್ಲ. ಆದರೆ ಎಕ್ಸ್‌ರೇ, ರಕ್ತಪರೀಕ್ಷೆಗಳ ಖರ್ಚು ಬೇರೆಯಾಗಿ ಬರಬಹುದೆಂದು ಫೋನಿನಲ್ಲೇ ತಿಳಿಸಿದ್ದರೆ ಒಳ್ಳೆಯದಿತ್ತು. ಬರಹದಲ್ಲಿ ಕೊಡುವುದಾಗಿ ಹೇಳಿದ ಸಲಹಾಪತ್ರ ಬಹಳ ತಡವಾಗಿ ಬಂತು. ಬಂದದ್ದು ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿತ್ತು, ನಮ್ಮ ತಾಯಿಯವರೂ ಓದಿ ಪಾಲಿಸುವಂತಿತ್ತು ಎಂಬುದನ್ನು ಮೆಚ್ಚುಗೆಯಿಂದ ಹೇಳುತ್ತೇನೆ. ನನಗೆ ಹೆಚ್ಚು ಬೇಸರ ತಂದದ್ದು ಮಕ್ಕಳೊಡನೆ ಅವರು ಮಾತನಾಡದಿದ್ದುದು. ಅಪ್ಪಿಕೊಳ್ಳುವುದು ಬೇಡವೆಂದು ನಮಗೆ ಹೇಳಿ ಹೋದರು. ಯಾಕೆ ಬೇಡ, ಅದರ ಬದಲು ಎಲ್ಲಿ ಸವರಬೇಕು ಎಂಬುದನ್ನು ಮಕ್ಕಳ ಕೈ ಹಿಡಿದು ತೋರಿಸಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ನಾಯಿಯ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವವರೂ, ಅಪಾಯಕ್ಕೆ ಹತ್ತಿರವಿರುವವರೂ ಮಕ್ಕಳೇ ಅಲ್ಲವೇ?

ಫಲಿತಾಂಶ ಪೂರ್ಣವಲ್ಲ. ಹಗಲಿನ ಕುಂಯ್‌ಗುಡುವಿಕೆ ಬಹುಮಟ್ಟಿಗೆ ನಿಂತಿದೆ, ಕೌದಿಯ ದಾರಿಯಲ್ಲಿ ಬೆಳ್ಳಿ ದಿನಕ್ಕೆ ಹಲವು ಬಾರಿ ಬಂದು ಒರಗುತ್ತದೆ. ರಾತ್ರಿ ಎಬ್ಬಿಸುವುದು ಕಡಿಮೆಯಾಗಿದ್ದರೂ ಚಳಿ ಹೆಚ್ಚಿದ ದಿನಗಳಲ್ಲಿ ಮರಳುತ್ತದೆ. ಇಲ್ಲಿ ವೈದ್ಯೆ ಮುಂದಿನ ದಾರಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಪ್ಪಿನಲ್ಲಿ ನಾಯಿಗಳಿಗೂ ಮರೆವಿನ ಕಾಯಿಲೆ ಬರುತ್ತದೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11–12 ವರ್ಷದ ನಾಯಿಗಳ ಪೈಕಿ ಶೇ 28ರಲ್ಲಿ, 15–16 ವರ್ಷದವುಗಳ ಪೈಕಿ ಶೇ 68ರಲ್ಲಿ ಅದರ ಒಂದಲ್ಲ ಒಂದು ಲಕ್ಷಣ ಕಂಡಿತ್ತು. ಗೋಡೆಯ ಮೂಲೆಯಲ್ಲಿ ದಾರಿ ತಿಳಿಯದೆ ನಿಲ್ಲುವುದು, ಹಗಲು ನಿದ್ದೆ ರಾತ್ರಿ ಎಚ್ಚರ, ಕಲಿತ ಶೌಚದ ಶಿಸ್ತು ತಪ್ಪುವುದು, ಮನೆಯವರನ್ನು ಅತಿಯಾಗಿ ಅಂಟಿಕೊಳ್ಳುವುದು ಅಥವಾ ಗುರುತೇ ಇಲ್ಲವೆಂಬಂತೆ ಇರುವುದು ಕಂಡರೆ ಮತ್ತೆ ಕರೆಯಬೇಕೆಂದಿದ್ದಾರೆ. ಕಣ್ಣಿನ ಪೊರೆ, ಕಿವುಡು ಕೂಡ ನಾಯಿಯನ್ನು ಹೀಗೆಯೇ ಬದಲಿಸಬಲ್ಲವು: ಹಿಂದಿನಿಂದ ಬಂದು ಮುಟ್ಟಿದರೆ ಬೆಚ್ಚುವ ನಾಯಿ ನಿಮ್ಮನ್ನು ದ್ವೇಷಿಸುತ್ತಿಲ್ಲ, ನೀವು ಬಂದದ್ದು ಅದಕ್ಕೆ ಕೇಳಿಸಿಲ್ಲ.

ಎಳೆಯ ನಾಯಿಯವರಿಗೂ ಈ ಸೇವೆ ಉಪಯುಕ್ತವೆಂದು ನನ್ನ ಅಭಿಪ್ರಾಯ. ನೆರೆಮನೆಯವರ ಲ್ಯಾಬ್ರಡಾರ್ ಎಂಟನೆಯ ತಿಂಗಳಿಗೆ ಬರುತ್ತಿದ್ದಂತೆ ಒಡೆಯರ ಮಾತಿಗೆ ಬೆನ್ನು ತಿರುಗಿಸಿ, ಹೊರಗಿನಿಂದ ಬಂದವರ ಮುಂದೆ ವಿನಯದಿಂದ ಕುಳಿತುಕೊಳ್ಳುತ್ತಿತ್ತು. ನಾಯಿಗಳ ಹರೆಯದಲ್ಲಿ ಇದು ಸಹಜವೆಂದೂ, ತಮ್ಮನ್ನು ಸಾಕಿದವರ ಮಾತನ್ನೇ ಅವು ಆಗ ಹೆಚ್ಚು ಮೀರುತ್ತವೆಂದೂ, ಇದು ಕಳೆದುಹೋಗುವ ಹಂತವೆಂದೂ ಬ್ರಿಟನ್ನಿನಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ವೈದ್ಯೆ ಆ ನೆರೆಮನೆಯವರಿಂದ ಭೇಟಿಯ ಹಣ ಪಡೆಯದೆ, ಫೋನಿನಲ್ಲೇ ಇದನ್ನು ತಿಳಿಸಿ, ತಾಳ್ಮೆಯಿಂದಿರಲು ಹೇಳಿದರಂತೆ. ಅಗತ್ಯವಿಲ್ಲದ ಕಡೆ ಸೇವೆಯನ್ನು ಮಾರದ ಈ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಬೀದಿಯಿಂದ ತಂದ ನಾಯಿಗಳ ಬಗ್ಗೆ ಅವರು ವಿಶೇಷ ಅಕ್ಕರೆಯಿಂದ ಮಾತನಾಡುತ್ತಾರೆ. ಕೋಲ್ಕತ್ತದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ನಮ್ಮ ದೇಶದ ಬೀದಿನಾಯಿಗಳು ಗುರುತಿಲ್ಲದ ಮನುಷ್ಯರು ಪದೇ ಪದೇ ಎದುರಾದಾಗ ಆಹಾರ ಕೊಟ್ಟವರಿಗಿಂತ ಮೈ ಸವರಿದವರನ್ನು ಹೆಚ್ಚು ನಂಬಿದವು. ಮನೆಗೆ ಬಂದ ಹೊಸತರಲ್ಲಿ ದೂರ ಕುಳಿತು ನೋಡುವ ಬೀದಿನಾಯಿ ಬಟ್ಟಲಿನ ಅನ್ನಕ್ಕಿಂತ ಅವಸರವಿಲ್ಲದ ಕೈಗಾಗಿ ಕಾಯುತ್ತಿರಬಹುದು, ಆದರೆ ಆ ಕೈ ತಲೆಯ ಮೇಲಿಂದ ಇಳಿಯದೆ ಎದೆಯ ಮಟ್ಟದಲ್ಲಿ ಬರಬೇಕು ಎಂಬುದು ಅವರ ಸಲಹೆ.

ಭೇಟಿ ಗೊತ್ತುಮಾಡುವವರು ಮೂರು ಸಿದ್ಧತೆ ಮಾಡಿಕೊಂಡರೆ ಸಮಯ ಉಳಿಯುತ್ತದೆ. ಲಸಿಕೆಯ ಪುಸ್ತಕ ಕೈಯಲ್ಲಿರಲಿ. ನಾಯಿ ಹತ್ತಿರ ಬರುವುದನ್ನೂ, ದೂರ ಸರಿಯುವುದನ್ನೂ, ಮಲಗಿದಲ್ಲಿಂದ ಏಳುವುದನ್ನೂ ಮೊಬೈಲಿನಲ್ಲಿ ಚಿತ್ರಿಸಿಡಿ, ಏಕೆಂದರೆ ಹೊಸಬರ ಎದುರು ನಾಯಿ ಕುಂಟುವುದನ್ನು ಮರೆಮಾಡುತ್ತದೆ. ಬೇಸಿಗೆಯಲ್ಲಾದರೆ ಬೆಳಗಿನ ಎಂಟರೊಳಗಿನ ಹೊತ್ತನ್ನೇ ಕೇಳಿ. ಹೊತ್ತೇರಿದ ಮೇಲೆ ಕಲಬುರಗಿಯ ಸೆಕೆಯಲ್ಲಿ ಯಾವ ನಾಯಿಯೂ ಯಾರ ಹತ್ತಿರವೂ ಬರುವುದಿಲ್ಲ, ಪರೀಕ್ಷೆಯೂ ಸರಿಯಾಗಿ ನಡೆಯುವುದಿಲ್ಲ. ಶಹಾಬಾದ್, ಸೇಡಂ ಕಡೆಯವರು ಪ್ರಯಾಣದ ವೆಚ್ಚವನ್ನು ಬೇರೆಯಾಗಿ ಕೊಡಬೇಕಾಗುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.